ಗೋಲ್ಡನ್ ಟೆಂಪಲ್ ನೋಡಿ ಬಂದವರು ಕೇಳುವ ಪ್ರಶ್ನೆಗಳು: ನಮ್ಮ ಟಿಬೆಟನ್ ಕ್ಯಾಂಪುಗಳು, ಗಡಿ ಮತ್ತು ಆಶ್ರಯ

ನಮ್ಮ ಮನೆ ಕುಶಾಲನಗರದಲ್ಲಿ. ಕೊಡಗು ನೋಡಲು ಬಂದ ನೆಂಟರನ್ನು ಬೈಲಕುಪ್ಪೆಯ ಟಿಬೆಟನ್ ಬೌದ್ಧ ಮಠವಾದ ಗೋಲ್ಡನ್ ಟೆಂಪಲ್‌ಗೆ ಕರೆದುಕೊಂಡು ಹೋಗುವ ಕೆಲಸ ಯಾವಾಗಲೂ ನನ್ನ ತಲೆಗೇ ಬರುತ್ತದೆ. ಒಳಗೆ ಆ ಮೂರು ದೊಡ್ಡ ಮೂರ್ತಿಗಳ ಮುಂದೆ ಎಲ್ಲರೂ ಸುಮ್ಮನೆ ನಿಲ್ಲುತ್ತಾರೆ. ಹೊರಗೆ ಬಂದು ಮೊಮೊ ಪ್ಲೇಟ್ ಕೈಗೆ ಬಂತೋ, ಪ್ರಶ್ನೆಗಳು ಶುರು. ಎಷ್ಟೋ ವರ್ಷಗಳಿಂದ ಅವೇ ಪ್ರಶ್ನೆಗಳು. ಪ್ರತಿ ಸಲ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಬೈಲಕುಪ್ಪೆ ಕೊಡಗಿನಲ್ಲಿದೆಯಾ?

ಇಲ್ಲ. ಕಾವೇರಿ ಸೇತುವೆಯ ಈಚೆ ಕುಶಾಲನಗರ, ಕೊಡಗು ಜಿಲ್ಲೆ. ಆಚೆ ಕೊಪ್ಪ, ಬೈಲಕುಪ್ಪೆ. ಅದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಟೂರ್ ಪ್ಯಾಕೇಜಿನವರು ಎಲ್ಲವನ್ನೂ 'ಕೂರ್ಗ್' ಅಂತ ಸೇರಿಸಿಬಿಟ್ಟಿದ್ದಾರೆ.

ಕರ್ನಾಟಕದಲ್ಲಿ ಟಿಬೆಟನ್ ನಿರಾಶ್ರಿತರ ಇಂಥ ಕ್ಯಾಂಪುಗಳು ಎಷ್ಟಿವೆ?

ಐದು. ಬೈಲಕುಪ್ಪೆಯಲ್ಲೇ ಎರಡು: 1960ರಲ್ಲಿ ಶುರುವಾದ ಹಳೆಯದು, 1969ರಲ್ಲಿ ಪಕ್ಕದಲ್ಲೇ ಬಂದ ಇನ್ನೊಂದು. ಉತ್ತರ ಕನ್ನಡದ ಮುಂಡಗೋಡದಲ್ಲಿ 1966ರದ್ದು. ಆಮೇಲೆ 1970ರ ದಶಕದಲ್ಲಿ ಹುಣಸೂರಿನ ಗುರುಪುರ, ಮತ್ತು ಕೊಳ್ಳೇಗಾಲದ ಕಡೆ ಒಡೆಯರಪಾಳ್ಯ. ಎಲ್ಲಕ್ಕೂ ಟಿಬೆಟನ್ ಭಾಷೆಯಲ್ಲಿ ಚೆಂದದ ಹೆಸರುಗಳಿವೆ. ಆದರೆ ನಮ್ಮ ಆಟೋದವರಿಗೆ ಅವುಗಳ ಒಳಗಿನ ಊರುಗಳೆಲ್ಲ 'ಒಂದನೇ ಕ್ಯಾಂಪು', 'ನಾಲ್ಕನೇ ಕ್ಯಾಂಪು'. ಮುಂಡಗೋಡದಲ್ಲಿ ಮಠಗಳಿರುವ ಜಾಗಕ್ಕೆ 'ಲಾಮಾ ಕ್ಯಾಂಪ್' ಅಂತಲೇ ಹೆಸರು. ಅರವತ್ತು ವರ್ಷ ದಾಟಿದ ಮೇಲೂ ಊರು ಅನ್ನದೆ ಕ್ಯಾಂಪ್ ಅನ್ನುತ್ತೇವೆ. ಅವರೂ ಹಾಗೇ ಅನ್ನುತ್ತಾರೆ.

ಅವರು ಇಲ್ಲಿಗೆ ಬಂದದ್ದು ಯಾಕೆ?

1950ರಲ್ಲಿ ಚೀನಾದ ಸೇನೆ ಟಿಬೆಟ್‌ಗೆ ನುಗ್ಗಿತು. 1959ರ ಮಾರ್ಚ್ 10ರಂದು ಲಾಸಾದಲ್ಲಿ ಜನ ದಂಗೆ ಎದ್ದರು. ಒಂದು ವಾರದ ನಂತರ, 17ರ ರಾತ್ರಿ, ಆಗ 23 ವರ್ಷದ ದಲೈ ಲಾಮಾ ಸೈನಿಕನ ವೇಷದಲ್ಲಿ ಅರಮನೆಯಿಂದ ಹೊರಬಿದ್ದರು. ಎರಡು ವಾರ ಬೆಟ್ಟ, ಕಣಿವೆ ದಾಟಿ ಮಾರ್ಚ್ 31ರಂದು ಈಗಿನ ಅರುಣಾಚಲದ ತವಾಂಗ್ ಕಡೆಯಿಂದ ಭಾರತದ ಗಡಿ ಮುಟ್ಟಿದರು. ಅವರ ಹಿಂದೆ ಸುಮಾರು 80,000 ಜನ ಬಂದರು.

ಬಂದವರನ್ನು ಮೊದಲು ಇಟ್ಟಿದ್ದು ಅಸ್ಸಾಮಿನ ಮಿಸ್ಸಾಮಾರಿ ಮತ್ತು ಬಂಗಾಳದ ಬಕ್ಸಾದಲ್ಲಿ. ತಣ್ಣನೆಯ ಎತ್ತರದ ನಾಡಿನವರು ಅಸ್ಸಾಮಿನ ಬೇಸಿಗೆಗೆ ತತ್ತರಿಸಿದರು, ಕಾಯಿಲೆಯಲ್ಲಿ ಎಷ್ಟೋ ಜನ ಸತ್ತರು. ಕೈಕಾಲು ಗಟ್ಟಿ ಇದ್ದವರನ್ನು ಹಿಮಾಲಯದ ರಸ್ತೆ ಕೆಲಸಕ್ಕೆ ಕಳಿಸಿದರು.

ಹಿಮಾಲಯ ಬಿಟ್ಟು ಮೈಸೂರಿಗೇ ಯಾಕೆ?

ಜಾಗ ಇತ್ತು, ಅದಕ್ಕೆ. ಗಡಿಯಲ್ಲಿ ಅಷ್ಟು ಜನರನ್ನು ಇಟ್ಟುಕೊಳ್ಳುವುದು ದೆಹಲಿಗೆ ಬೇಡವಾಗಿತ್ತು. ಉಳುವ ಜಮೀನು ಬೇಕಿತ್ತು. ಭಾಷೆ, ಮಠ, ಶಾಲೆ ಉಳಿಯಬೇಕಾದರೆ ಎಲ್ಲರೂ ಒಂದೇ ಕಡೆ ಇರಬೇಕು ಅನ್ನುವುದು ದಲೈ ಲಾಮಾ ಅವರ ಕೋರಿಕೆ. ನೆಹರೂ ರಾಜ್ಯಗಳಿಗೆ ಪತ್ರ ಬರೆದರು. ದೊಡ್ಡ ಮನಸ್ಸು ಮಾಡಿದ್ದು ಆಗಿನ ಮೈಸೂರು ರಾಜ್ಯ. ಟಿಬೆಟನ್ನರು ಇವತ್ತಿಗೂ ನೆನೆಯುವುದು ಎಸ್. ನಿಜಲಿಂಗಪ್ಪನವರನ್ನು. ಲೆಕ್ಕ ನೋಡಿದರೆ 1960ರಲ್ಲಿ ಮುಖ್ಯಮಂತ್ರಿ ಕುರ್ಚಿಯಲ್ಲಿ ಇದ್ದವರು ಬಿ.ಡಿ. ಜತ್ತಿ, ನಿಜಲಿಂಗಪ್ಪ ಅದಕ್ಕೆ ಮೊದಲೂ ಆಮೇಲೂ ಇದ್ದರು, ಮುಂಡಗೋಡದ ಕ್ಯಾಂಪ್ ಆದದ್ದು ಅವರ ಕಾಲದಲ್ಲಿ. ಜತ್ತಿಯವರ ಹೆಸರನ್ನೂ ಯಾರಾದರೂ ಆಗಾಗ ಹೇಳಲಿ ಅಂತ ನನಗೊಂದು ಆಸೆ.

ಕೊಟ್ಟದ್ದು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ, ಮುಂಡಗೋಡದಲ್ಲಿ ಸುಮಾರು 4,000 ಎಕರೆ. ಹೆಚ್ಚಿನದು ಕಾಡು. ಮರ ಕಡಿದು, ಬೊಡ್ಡೆ ಸುಟ್ಟು, ಆನೆ ಓಡಿಸಿ ಹೊಲ ಮಾಡಿದರು. ಟಿಬೆಟ್‌ನಲ್ಲಿ ಬಾರ್ಲಿ ಬೆಳೆಯುತ್ತಿದ್ದವರು ಇಲ್ಲಿ ಮುಸುಕಿನ ಜೋಳ ಬಿತ್ತಿದರು. ಆನೆ ಈಗಲೂ ಬರುತ್ತದೆ, ಅದಕ್ಕೆ ಟಿಬೆಟನ್ನರ ಜೋಳ, ನಮ್ಮವರ ಜೋಳ ಅನ್ನುವ ಭೇದವಿಲ್ಲ.

ಇಲ್ಲೊಂದು ಉಪಕಥೆ ಇದೆ. ಈ ಕ್ಯಾಂಪುಗಳ ಕೆಲಸಕ್ಕೆ ಅಂತ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಟಿಬೆಟನ್ನರ ಕೆಲಸ ಮುಗಿಸಿ ಅದು 1980ರ ದಶಕದಲ್ಲಿ ನಮ್ಮ ಹಳ್ಳಿಗಳ ಕಡೆ ತಿರುಗಿತು. ಇವತ್ತು ಹಳ್ಳಿ ಹಳ್ಳಿಯಲ್ಲಿರುವ ಮಹಿಳಾ ಸ್ವಸಹಾಯ ಸಂಘಗಳ ಬೇರು ಹುಡುಕಿದರೆ ಅದರ ಕೆಲಸವೂ ಸಿಗುತ್ತದೆ.

ಹಾಗಾದರೆ ಆ ಜಮೀನು ಅವರದ್ದೇ?

ಅಲ್ಲ. ಗುತ್ತಿಗೆ. ಉಳಬಹುದು, ಮನೆ ಕಟ್ಟಬಹುದು, ಮಾರುವ ಹಾಗಿಲ್ಲ. 2014ರಲ್ಲಿ ಕೇಂದ್ರ ಸರ್ಕಾರ ಟಿಬೆಟನ್ ಪುನರ್ವಸತಿ ನೀತಿ ಅಂತ ಒಂದನ್ನು ತಂದಿತು. ಅದರಲ್ಲಿ ಹೇಳಿರುವ ಗುತ್ತಿಗೆ ಅವಧಿ 20 ವರ್ಷ. 'ಸರ್ಕಾರ ಅವರಿಗೆ ಪುಕ್ಕಟೆ ಜಮೀನು ಕೊಟ್ಟಿದೆ, ನಮಗೆ ಮಾತ್ರ ಇಲ್ಲ' ಅನ್ನುವ ಮಾತು ನಮ್ಮ ಕಡೆ ಟೀ ಅಂಗಡಿಯಲ್ಲಿ ಕೇಳಿಬರುತ್ತದೆ. ಕಾಡಂಚಿನಲ್ಲಿ ಹಕ್ಕುಪತ್ರಕ್ಕೆ ಕಾದು ಕೂತಿರುವ ನಮ್ಮ ಜನರ ಸಿಟ್ಟು ಸುಳ್ಳಲ್ಲ. ಆದರೆ ಹಕ್ಕುಪತ್ರ ಟಿಬೆಟನ್ನರಿಗೂ ಇಲ್ಲ.

ವಲಸಿಗ, ನಿರಾಶ್ರಿತ ಎರಡೂ ಒಂದೇ ಅಲ್ವಾ?

ಅಲ್ಲ. ರಾಯಚೂರು, ಕಲಬುರಗಿ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ ಹೋಗುತ್ತಾರಲ್ಲ, ಅದು ವಲಸೆ. ಕಷ್ಟ ಎಷ್ಟೇ ಇರಲಿ, ಹಬ್ಬಕ್ಕೆ ಊರಿಗೆ ಹೋಗಬಹುದು. ದುಬೈಗೆ ಕೆಲಸಕ್ಕೆ ಹೋದ ಮಂಗಳೂರಿನವರದ್ದೂ ವಲಸೆಯೇ. ಊರಿಗೆ ಹೋದರೆ ಜೈಲು ಅಥವಾ ಗುಂಡು ಅನ್ನುವ ಭಯದಲ್ಲಿ ದೇಶವನ್ನೇ ಬಿಟ್ಟವರು ನಿರಾಶ್ರಿತರು. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದದಲ್ಲಿ ಆ ಭಯಕ್ಕೆ ಐದು ಕಾರಣ ಹೇಳಿದ್ದಾರೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ. ಬರ, ಹಸಿವು, ಸಾಲ ಆ ಪಟ್ಟಿಯಲ್ಲಿ ಇಲ್ಲ.

ನಮ್ಮ ಪದವೂ ವಿಚಿತ್ರ. ನಿರಾಶ್ರಿತ ಅಂದರೆ ಆಶ್ರಯ ಇಲ್ಲದವನು. ಆಶ್ರಯ ಸಿಕ್ಕಿ ಮೂರು ತಲೆಮಾರು ಆದವರನ್ನೂ ಹಾಗೇ ಕರೆಯುತ್ತೇವೆ.

ನಮ್ಮ ದೇಶದಲ್ಲಿ ನಿರಾಶ್ರಿತರಿಗೆ ಅಂತ ಕಾನೂನು ಇದೆಯಾ?

ಇಲ್ಲ. ಎಲ್ಲರಿಗೂ ಆಶ್ಚರ್ಯ ಆಗುವುದು ಇಲ್ಲೇ. ಭಾರತ 1951ರ ಒಪ್ಪಂದಕ್ಕೂ, 1967ರ ಅದರ ಮುಂದುವರಿಕೆಗೂ ಸಹಿ ಹಾಕಿಲ್ಲ. ಒಳಗೂ ಬೇರೆ ಕಾನೂನು ಮಾಡಿಲ್ಲ. ಹಾಗಾಗಿ ಕಾನೂನಿನ ಕಣ್ಣಿಗೆ ಕ್ಯಾಂಪಿನ ಅಜ್ಜಿಯೂ ವಿದೇಶಿ, ಹಂಪಿ ನೋಡಲು ಬಂದ ಜರ್ಮನ್ ಟೂರಿಸ್ಟೂ ವಿದೇಶಿ. ಮೊದಲು 1946ರ ವಿದೇಶಿಯರ ಕಾಯ್ದೆ ಇತ್ತು, 2025ರ ಸೆಪ್ಟೆಂಬರ್‌ನಿಂದ ಅದರ ಜಾಗದಲ್ಲಿ ಹೊಸ ಕಾಯ್ದೆ ಬಂದಿದೆ. ನೋಂದಣಿ ಮಾಡಿಸಿಕೊಂಡ ಟಿಬೆಟನ್ನರಿಗೆ ಪಾಸ್‌ಪೋರ್ಟ್, ವೀಸಾ ವಿಷಯದಲ್ಲಿ ವಿನಾಯಿತಿ ಕೊಟ್ಟಿರುವುದು ಒಂದು ಆದೇಶ. ಆದೇಶ ಅಂದರೆ ಸರ್ಕಾರ ಬರೆದದ್ದು; ಬೇಕಾದರೆ ಸರ್ಕಾರವೇ ತಿದ್ದಬಹುದು.

ಸಂವಿಧಾನದ 21ನೇ ವಿಧಿ, ಅಂದರೆ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ, ವಿದೇಶಿಯರಿಗೂ ಇದೆ. 1996ರಲ್ಲಿ ಅರುಣಾಚಲದಲ್ಲಿರುವ ಚಕ್ಮಾ ನಿರಾಶ್ರಿತರ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. ಆದರೆ ಈ ದೇಶದಲ್ಲಿ ನೆಲೆಸುವ ಹಕ್ಕು ಪ್ರಜೆಗಳಿಗೆ ಮಾತ್ರ. ಬೈಲಕುಪ್ಪೆಯ ಎಲ್ಲ ಕಥೆಯೂ ಈ ಎರಡರ ನಡುವೆ ಇದೆ. ನಾವು ಕೊಟ್ಟಿರುವುದು ಉಪಚಾರ. ಒಳ್ಳೆಯ ಉಪಚಾರವೇ, ಆದರೆ ಉಪಚಾರ ಮನೆಯ ಯಜಮಾನನ ಮನಸ್ಸಿಗೆ ಬಿಟ್ಟದ್ದು.

ಅವರ ಹತ್ತಿರ ಇರುವ ಕಾಗದ ಯಾವುದು?

ಮುಖ್ಯವಾಗಿ ಆರ್‌ಸಿ. ಗಾಡಿಯ ಆರ್‌ಸಿ ಅಲ್ಲ, ವಿದೇಶಿಯರ ನೋಂದಣಿ ಪತ್ರ. ಅದಿಲ್ಲದೆ ಇಲ್ಲಿ ಇರುವುದೇ ತಪ್ಪಾಗುತ್ತದೆ. ಮೊದಲು ವರ್ಷ ವರ್ಷ ನವೀಕರಿಸಬೇಕಿತ್ತು. ಈಗ ಇಲ್ಲೇ ಹುಟ್ಟಿದವರಿಗೆ, ಬಹಳ ವರ್ಷದಿಂದ ಇರುವವರಿಗೆ ಐದು ವರ್ಷಕ್ಕೊಮ್ಮೆ. ವಿದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟ್ ಬದಲು ಐಸಿ (ಐಡೆಂಟಿಟಿ ಸರ್ಟಿಫಿಕೇಟ್) ಅನ್ನುವ ಹಳದಿ ಪುಸ್ತಕ. ಅದನ್ನು ಕಂಡರೆ ಎಷ್ಟೋ ವಿಮಾನ ನಿಲ್ದಾಣಗಳ ಕೌಂಟರ್‌ನಲ್ಲಿ ಇದು ಏನು ಅಂತ ತಿರುಗಿಸಿ ತಿರುಗಿಸಿ ನೋಡುತ್ತಾರಂತೆ.

ನನ್ನ ಜೊತೆ ಪಿಯುಸಿ ಓದಿದ ಒಬ್ಬ ಗೆಳೆಯ ಕ್ಯಾಂಪಿನವನು. ಹುಟ್ಟಿದ್ದು ಮೈಸೂರಿನ ಆಸ್ಪತ್ರೆಯಲ್ಲಿ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದಾಗ ಸಂಬಳದ ಖಾತೆ ತೆರೆಯಲು ಇಬ್ಬರೂ ಒಂದು ಬ್ಯಾಂಕಿಗೆ ಹೋದೆವು. ಆರ್‌ಸಿ ಕೊಟ್ಟ. ಕೌಂಟರಿನವರು ಪುಟ ತಿರುವಿದರು. ಫೋಟೊ, ಸೀಲು, ಸೀಲಿನ ಮೇಲೆ ಇನ್ನೊಂದು ಸೀಲು. 'ಫಾರಿನರ್ ಅಂತಿದೆಯಲ್ಲ, ಪಾಸ್‌ಪೋರ್ಟ್ ಕೊಡಿ' ಅಂದರು. ಪಾಸ್‌ಪೋರ್ಟ್ ಇಲ್ಲ ಅಂದ. 'ಯಾವ ದೇಶ ಹಾಗಾದರೆ?' ಅವನು ಅಚ್ಚ ಪಿರಿಯಾಪಟ್ಟಣದ ಕನ್ನಡದಲ್ಲಿ, 'ಇಲ್ಲೇ ಸಾರ್, ಬೈಲಕುಪ್ಪೆ' ಅಂದ. ಅವರು ಮ್ಯಾನೇಜರ್ ಕಡೆ ನೋಡಿದರು, ಮ್ಯಾನೇಜರ್ ನನ್ನ ಕಡೆ ನೋಡಿದರು. ಖಾತೆ ತೆರೆಯಲು ಮೂರು ಸಲ ಓಡಾಡಬೇಕಾಯಿತು. ನನಗೆ ಬಂದ ಸಿಟ್ಟು ಅವನಿಗೆ ಬರಲಿಲ್ಲ. ಅಭ್ಯಾಸ ಆಗಿಬಿಟ್ಟಿದೆ ಮಾರಾಯ, ಅಂದ.

ಆಧಾರ್, ಡ್ರೈವಿಂಗ್ ಲೈಸೆನ್ಸ್ ಸಿಗುತ್ತದೆ. ಖಾಸಗಿ ಕೆಲಸ, ವ್ಯಾಪಾರ ಮಾಡಬಹುದು. ಚಳಿಗಾಲದಲ್ಲಿ ಊರೂರಲ್ಲಿ ಟಿಬೆಟನ್ ಸ್ವೆಟರ್ ಅಂಗಡಿಗಳು ಏಳುತ್ತವಲ್ಲ, ಎಷ್ಟೋ ಮನೆಗಳ ವರ್ಷದ ಖರ್ಚು ಆ ಮೂರು ತಿಂಗಳಲ್ಲೇ ಹುಟ್ಟುತ್ತದೆ. ಸ್ವೆಟರ್‌ಗಳು ಹೆಚ್ಚಾಗಿ ಬರುವುದು ಲುಧಿಯಾನಾದಿಂದ. ಹಿಮಾಲಯದಲ್ಲಿ ಕೈಯಲ್ಲಿ ಹೆಣೆದದ್ದು ಅಂದುಕೊಂಡು ತಂದವರು ನಮ್ಮ ಮನೆಯಲ್ಲೂ ಇದ್ದಾರೆ.

ಇಲ್ಲೇ ಹುಟ್ಟಿದವರು ಭಾರತೀಯರಾಗುವುದಿಲ್ವಾ?

ಯಾವಾಗ ಹುಟ್ಟಿದರು ಅನ್ನುವುದರ ಮೇಲೆ. 1955ರ ಪೌರತ್ವ ಕಾಯ್ದೆ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಅಪ್ಪ ಅಮ್ಮ ಯಾರು ಅನ್ನುವುದು ಲೆಕ್ಕಕ್ಕಿಲ್ಲ. 1987ರ ನಂತರ ಹುಟ್ಟಿದವರಿಗೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಪ್ರಜೆ ಆಗಿರಬೇಕು. 2004ರ ಡಿಸೆಂಬರ್ ನಂತರ ನಿಯಮ ಇನ್ನೂ ಬಿಗಿ.

ಅಂದರೆ ಅಪ್ಪ ಅಮ್ಮ ಇಬ್ಬರೂ ಟಿಬೆಟ್‌ನಲ್ಲಿ ಹುಟ್ಟಿದವರಾದರೆ, ಒಂದೇ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಕ್ಕ ಭಾರತೀಯಳು, 1988ರ ತಮ್ಮ ವಿದೇಶಿ. ಒಂದೇ ತಾಯಿ, ಒಂದೇ ಆಸ್ಪತ್ರೆ, ಒಂದೇ ಜೋಳದ ಹೊಲ.

ಕಾಯ್ದೆಯಲ್ಲಿ ಇಷ್ಟು ಸ್ಪಷ್ಟ ಇದ್ದರೂ ಕಚೇರಿಗಳು ಒಪ್ಪುತ್ತಿರಲಿಲ್ಲ. ನಮ್ಗ್ಯಾಲ್ ಡೋಲ್ಕರ್ ಅನ್ನುವವರು ಪಾಸ್‌ಪೋರ್ಟ್‌ಗಾಗಿ ದೆಹಲಿ ಹೈಕೋರ್ಟ್‌ಗೆ ಹೋಗಿ 2010ರ ಡಿಸೆಂಬರ್‌ನಲ್ಲಿ ಗೆದ್ದರು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಒಬ್ಬ ರಿಂಪೋಚೆಯ (ಹಿರಿಯ ಧರ್ಮಗುರುವಿನ) ಪ್ರಕರಣದಲ್ಲಿ ಅದೇ ದಾರಿ ಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಅಂದಿತು. 2017ರಲ್ಲಿ ಪಾಸ್‌ಪೋರ್ಟ್ ಕೊಡಿ ಅಂತ ವಿದೇಶಾಂಗ ಸಚಿವಾಲಯ ಹೇಳಿತು. ಜೊತೆಗೇ ಷರತ್ತು ಬಂತು: ಆರ್‌ಸಿ, ಐಸಿ ವಾಪಸ್ ಮಾಡಬೇಕು, ಕ್ಯಾಂಪಿನಲ್ಲಿ ಇರಬಾರದು, ನಿರಾಶ್ರಿತರ ಸವಲತ್ತು ಬಿಡಬೇಕು. ವಯಸ್ಸಾದ ಅಪ್ಪ ಅಮ್ಮ ಕ್ಯಾಂಪಿನ ಮನೆಯಲ್ಲಿರುವಾಗ ಪಾಸ್‌ಪೋರ್ಟ್ ಆಸೆಗೆ ಮನೆ ಬಿಡುವವರು ಎಷ್ಟು ಜನ?

ಅರ್ಹತೆ ಇದ್ದವರೆಲ್ಲ ಪೌರತ್ವ ತಗೊಂಡಿದ್ದಾರಾ?

ಇಲ್ಲ. ಓಡಾಟದ ರಗಳೆ ಒಂದು ಕಾರಣ. ಇನ್ನೊಂದು ಮನಸ್ಸಿನದ್ದು. ಎಲ್ಲರೂ ಭಾರತೀಯರಾದರೆ ಟಿಬೆಟ್ ಕೇಳುವವರು ಯಾರು ಅಂತ ಹಿರಿಯರು ಹೇಳುತ್ತಾರೆ. ಕಾಗದ ಬೇರೆ, ಹೋರಾಟ ಬೇರೆ ಅಂತ ಹುಡುಗರು ವಾದಿಸುತ್ತಾರೆ. ಈ ಜಗಳ ಅವರ ಮನೆ ಮನೆಯಲ್ಲೂ ಇದೆ. ನಾನು ಹುಡುಗರ ಕಡೆ, ಆದರೆ ಅದನ್ನು ಹೇಳಲು ನಾನು ಯಾರು?

ಬೌದ್ಧರಿಗೆ ಸಿಎಎ, ಅಂದರೆ ಪೌರತ್ವ ತಿದ್ದುಪಡಿ ಕಾಯ್ದೆ ಪ್ರಕಾರ ಪೌರತ್ವ ಸಿಗುತ್ತದಲ್ವಾ?

ಬೌದ್ಧರ ಹೆಸರೇನೋ 2019ರ ಆ ತಿದ್ದುಪಡಿಯಲ್ಲಿದೆ. ಆದರೆ ಅಫ್ಗಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನ ಈ ಮೂರು ದೇಶಗಳಿಂದ ಬಂದವರಿಗೆ ಮಾತ್ರ. ನಮ್ಮ ನಡುವೆ ಎದ್ದು ಕಾಣುವ ಬೌದ್ಧ ನಿರಾಶ್ರಿತರಿಗೆ ಅದು ಅನ್ವಯಿಸುವುದೇ ಇಲ್ಲ.

ಈಗಲೂ ಟಿಬೆಟ್‌ನಿಂದ ಜನ ಬರುತ್ತಿದ್ದಾರಾ?

ಬೆರಳೆಣಿಕೆಯಷ್ಟು. 2008ಕ್ಕೆ ಮುಂಚೆ ವರ್ಷಕ್ಕೆ ಎರಡು ಮೂರು ಸಾವಿರ ಜನ ನೇಪಾಳದ ದಾರಿಯಲ್ಲಿ ಬರುತ್ತಿದ್ದರು. ಎವರೆಸ್ಟ್‌ನ ಪಶ್ಚಿಮಕ್ಕೆ ನಾಂಗ್ಪಾ ಲಾ ಅಂತ ಒಂದು ಕಣಿವೆ ದಾರಿ ಇದೆ, ಎತ್ತರ 5,700 ಮೀಟರ್ ಮೇಲೆ. ನಮ್ಮ ಮುಳ್ಳಯ್ಯನಗಿರಿಯ ಮೂರು ಪಟ್ಟು. ಮಂಜಿನಲ್ಲಿ ರಾತ್ರಿ ನಡೆದು, ಹಗಲು ಅಡಗಿ ಬರಬೇಕು. ಬಂದವರಲ್ಲಿ ಬೆರಳು ಕಳೆದುಕೊಂಡವರು ಬಹಳ. 2006ರ ಸೆಪ್ಟೆಂಬರ್ 30ರಂದು ಅಲ್ಲಿ ದಾಟುತ್ತಿದ್ದವರ ಮೇಲೆ ಚೀನಾದ ಗಡಿ ಕಾವಲಿನವರು ಗುಂಡು ಹಾರಿಸಿದರು. 17 ವರ್ಷದ ಸನ್ಯಾಸಿನಿ ಒಬ್ಬಳು ಸತ್ತಳು. ಪಕ್ಕದ ಚೋ ಓಯು ಶಿಖರ ಹತ್ತಲು ಬಂದಿದ್ದವರ ಕ್ಯಾಮೆರಾದಲ್ಲಿ ಅದು ಸೆರೆಯಾಯಿತು. ಇಲ್ಲದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

2008ರಲ್ಲಿ ಟಿಬೆಟ್‌ನಲ್ಲಿ ದೊಡ್ಡ ಪ್ರತಿಭಟನೆಗಳಾದವು. ಆಮೇಲೆ ಚೀನಾ ಗಡಿಯನ್ನು ಬಿಗಿ ಮಾಡಿತು, ನೇಪಾಳವೂ ಅದರ ಮಾತು ಕೇಳತೊಡಗಿತು. ಹಿಂದೆಲ್ಲ ದಾಟಿ ಬಂದವರನ್ನು ನೇಪಾಳ ಕಠ್ಮಂಡುವಿನ ಸ್ವಾಗತ ಕೇಂದ್ರಕ್ಕೆ ಬಿಟ್ಟು, ಅಲ್ಲಿಂದ ಭಾರತಕ್ಕೆ ಕಳಿಸುವ ಬಾಯಿಮಾತಿನ ಒಪ್ಪಂದ ಇತ್ತು. ಇಲ್ಲೂ ನೋಡಿ, ಬಾಯಿಮಾತು. ಕಾಗದದಲ್ಲಿ ಇಲ್ಲ.

ಗಡಿ ವಿಷಯದಲ್ಲಿ ಟಿಬೆಟ್‌ಗೂ ನಮಗೂ ಏನು ಸಂಬಂಧ?

ಬಹಳ ಇದೆ. ಶಾಲೆಯಲ್ಲಿ ಭಾರತ-ಚೀನಾ ಗಡಿ 3,488 ಕಿಲೋಮೀಟರ್ ಅಂತ ಬಾಯಿಪಾಠ ಮಾಡಿದ್ದೇವೆ. 1950ಕ್ಕೆ ಮುಂಚೆ ಆ ಕಡೆ ಇದ್ದದ್ದು ಹೆಚ್ಚಾಗಿ ಟಿಬೆಟ್. ಅರುಣಾಚಲದ ಮೇಲಿನ ಮ್ಯಾಕ್‌ಮೋಹನ್ ರೇಖೆ 1914ರ ಶಿಮ್ಲಾ ಮಾತುಕತೆಯಲ್ಲಿ ಬ್ರಿಟಿಷ್ ಭಾರತ ಮತ್ತು ಟಿಬೆಟ್ ಒಪ್ಪಿಕೊಂಡ ಗೆರೆ. ಚೀನಾ ಅದನ್ನು ಒಪ್ಪಲಿಲ್ಲ. ಟಿಬೆಟ್‌ಗೆ ಸಹಿ ಹಾಕುವ ಅಧಿಕಾರವೇ ಇರಲಿಲ್ಲ ಅನ್ನುವುದು ಚೀನಾದ ವಾದ. ತವಾಂಗ್ ನಮ್ಮದು ಅನ್ನಲು ನಮಗೆ ಆ ಸಹಿ ಬೇಕು. ಅದೇ ಹೊತ್ತಿಗೆ ಟಿಬೆಟ್ ಚೀನಾದ ಭಾಗ ಅಂತ 1954ರ ವ್ಯಾಪಾರ ಒಪ್ಪಂದದಲ್ಲೂ, 2003ರಲ್ಲಿ ವಾಜಪೇಯಿ ಬೀಜಿಂಗ್‌ಗೆ ಹೋದಾಗಲೂ ಒಪ್ಪಿದ್ದೇವೆ. ಎರಡು ದೋಣಿಯ ಮೇಲೆ ಕಾಲು. ಟಿಬೆಟನ್ನರನ್ನು ಕೈಬಿಡದೆ, ಪೂರ್ತಿ ಕೈ ಹಿಡಿಯದೆ ಇಟ್ಟುಕೊಂಡಿರುವುದಕ್ಕೂ ಇದೇ ಕಾರಣ ಅಂತ ನನ್ನ ಲೆಕ್ಕ.

ಅವರಿಗೆ ಬೇರೆ ಸರ್ಕಾರ ಇದೆಯಂತೆ?

ಧರ್ಮಶಾಲಾದಲ್ಲಿ ಕೇಂದ್ರ ಟಿಬೆಟನ್ ಆಡಳಿತ ಇದೆ. 2011ರಲ್ಲಿ ದಲೈ ಲಾಮಾ ರಾಜಕೀಯ ಅಧಿಕಾರ ಬಿಟ್ಟುಕೊಟ್ಟರು. ಈಗ ಜನ ಓಟು ಹಾಕಿ ಸಿಕ್ಯೊಂಗ್ ಅನ್ನುವ ಮುಖ್ಯಸ್ಥರನ್ನು ಆರಿಸುತ್ತಾರೆ. 2021ರಿಂದ ಪೆನ್ಪಾ ತ್ಸೆರಿಂಗ್ ಇದ್ದಾರೆ. ಬೈಲಕುಪ್ಪೆಯಲ್ಲೂ ಪ್ರಚಾರ, ಚರ್ಚೆ, ಮತದಾನ ಎಲ್ಲ ನಡೆಯುತ್ತದೆ. ಯಾವ ದೇಶವೂ ಇದನ್ನು ಸರ್ಕಾರ ಅಂತ ಒಪ್ಪಿಲ್ಲ, ಭಾರತವೂ ಇಲ್ಲ.

ಕರ್ನಾಟಕದಲ್ಲಿ ಬೇರೆ ನಿರಾಶ್ರಿತರೂ ಇದ್ದಾರಾ?

ಸಿಂಧನೂರಿಗೆ ಹೋಗಿ ನೋಡಿ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳಿಗೆ ತುಂಗಭದ್ರಾ ಕಾಲುವೆ ಬದಿಯಲ್ಲಿ ನೆಲೆ ಕೊಟ್ಟಿದ್ದಾರೆ. ಆ ಊರುಗಳ ಹೆಸರೇ ಆರ್.ಎಚ್. ಕ್ಯಾಂಪ್. ರಾಯಚೂರಿನ ಬಿಸಿಲಲ್ಲಿ ಬಂಗಾಳಿ ಮಾತು, ಮೀನು ಸಾರು, ದುರ್ಗಾ ಪೂಜೆ.

ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಬಂದ ತಮಿಳರು ಇದ್ದಾರೆ. ಅವರು ನಿರಾಶ್ರಿತರಲ್ಲ. ಲಂಕೆಯ ಟೀ ತೋಟಗಳಿಗೆ ಬ್ರಿಟಿಷರು ಕರೆದೊಯ್ದವರ ಮಕ್ಕಳು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಲಂಕೆಯ ಪ್ರಧಾನಿ ಸಿರಿಮಾವೊ ಒಪ್ಪಂದದಲ್ಲಿ 5,25,000 ಜನ ಭಾರತಕ್ಕೆ, 3,00,000 ಲಂಕೆಗೆ ಅಂತ ಹಂಚಿಕೊಂಡರು. ಜನರನ್ನೇ, ಆಸ್ತಿ ಪಾಲು ಮಾಡಿದ ಹಾಗೆ.

ಟಿಬೆಟನ್ನರಿಗೆ ಇಷ್ಟು ಒಳ್ಳೆಯ ಸತ್ಕಾರ, ಮ್ಯಾನ್ಮಾರ್‌ನಿಂದ ಓಡಿಬಂದ ರೋಹಿಂಗ್ಯಾಗಳಿಗೆ ಯಾಕಿಲ್ಲ?

ಕಾನೂನು ಇಲ್ಲದಿರುವುದಕ್ಕೆ. ಕಾನೂನು ಇದ್ದರೆ ಓಡಿಬಂದವನ ಭಯ ನಿಜವಾ ಅಂತ ಒಬ್ಬ ಅಧಿಕಾರಿ ಕೂತು ಕೇಳಬೇಕಾಗುತ್ತದೆ. ಇಲ್ಲದಿದ್ದಾಗ ಯಾವ ದೇಶದಿಂದ ಬಂದ, ಯಾವಾಗ ಬಂದ, ಯಾವ ಧರ್ಮ, ಆ ದೇಶದ ಜೊತೆ ನಮ್ಮ ಸಂಬಂಧ ಹೇಗಿದೆ ಅನ್ನುವುದೇ ಎಲ್ಲ. ಟಿಬೆಟನ್ನರನ್ನೂ ಆಮೇಲೆ ಯುದ್ಧಕ್ಕೆ ಹೆದರಿ ಓಡಿಬಂದ ಲಂಕಾ ತಮಿಳರನ್ನೂ ಭಾರತ ಸರ್ಕಾರ ನೇರವಾಗಿ ನೋಡಿಕೊಳ್ಳುತ್ತದೆ. ಮ್ಯಾನ್ಮಾರ್‌ನವರು, ಅಫ್ಗಾನಿಗಳು ದೆಹಲಿಯ ವಿಶ್ವಸಂಸ್ಥೆ ಕಚೇರಿಯ ಕಾರ್ಡ್ ಹಿಡಿದು ಓಡಾಡುತ್ತಾರೆ. 2021ರಲ್ಲಿ ಜಮ್ಮುವಿನಲ್ಲಿ ಹಿಡಿದಿಟ್ಟ ರೋಹಿಂಗ್ಯಾಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್, ನಿಯಮ ಪ್ರಕಾರ ಗಡೀಪಾರು ಮಾಡಬಹುದು ಅಂದಿತು. ಆ ಕಾರ್ಡ್ ಅವರನ್ನು ಉಳಿಸಲಿಲ್ಲ.

ಕ್ಯಾಂಪು ಖಾಲಿ ಆಗುತ್ತಿದೆಯಂತೆ, ಹೌದಾ?

ಹೌದು. ಟಿಬೆಟನ್ ಆಡಳಿತ 2009ರಲ್ಲಿ ಮಾಡಿದ ಗಣತಿಯಲ್ಲಿ ಭಾರತದಲ್ಲಿ 94,203 ಜನ ಇದ್ದರು. ಆಮೇಲೆ ಸಂಖ್ಯೆ ಇಳಿಯುತ್ತಲೇ ಇದೆ. ಹೊಸಬರು ಬರುತ್ತಿಲ್ಲ, ಮಕ್ಕಳು ಕಡಿಮೆ, ಹುಡುಗರು ನ್ಯೂಯಾರ್ಕ್, ಟೊರಾಂಟೊ, ಪ್ಯಾರಿಸ್ ಕಡೆ ಹೊರಟಿದ್ದಾರೆ. ಬೈಲಕುಪ್ಪೆಯಲ್ಲಿ ಹುಟ್ಟಿದ ಹುಡುಗ ಪ್ಯಾರಿಸ್‌ನಲ್ಲಿ ಆಶ್ರಯ ಕೇಳಿ ಅರ್ಜಿ ಹಾಕುತ್ತಾನೆ. ಅಲ್ಲಿ ಕಾನೂನು ಇದೆ, ಕಾಗದ ಸಿಗುತ್ತದೆ, ಕೆಲವು ವರ್ಷಕ್ಕೆ ಪಾಸ್‌ಪೋರ್ಟೂ ಸಿಗುತ್ತದೆ. ಇಲ್ಲಿ ಅವನ ಮನೆಯ ಹೊಲವನ್ನು ಪಕ್ಕದ ಹಳ್ಳಿಯವರು ಗುತ್ತಿಗೆಗೆ ಮಾಡುತ್ತಾರೆ. ಗುತ್ತಿಗೆಯ ಮೇಲೊಂದು ಗುತ್ತಿಗೆ.

ಕ್ಯಾಂಪ್ ನೋಡಲು ಪರ್ಮಿಟ್ ಬೇಕಾ?

ನಮಗೆ ಬೇಡ. ವಿದೇಶಿಯರು ಅಲ್ಲಿ ಉಳಿದುಕೊಳ್ಳಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಪರ್ಮಿಟ್ ಬೇಕು, ಅದಕ್ಕೆ ಬಹಳ ಮುಂಚೆಯೇ ಅರ್ಜಿ ಹಾಕಬೇಕು. ಅಮೆರಿಕದಿಂದ ಗೆಳೆಯರನ್ನು ಕರೆತರುವವರು ಇದನ್ನು ಮರೆತು ನನಗೆ ಫೋನ್ ಮಾಡುತ್ತಾರೆ. ನಾನೇನೂ ಮಾಡಲಾರೆ. ಮಠದಲ್ಲಿ ಪೂಜೆ ನಡೆಯುವಾಗ ಫ್ಲ್ಯಾಶ್ ಹಾಕಬೇಡಿ, ಪುಟ್ಟ ಸನ್ಯಾಸಿಗಳ ಕೆನ್ನೆ ಹಿಂಡಬೇಡಿ.

ಅವರಿಗೆ ಕನ್ನಡ ಬರುತ್ತಾ?

ಅಂಗಡಿಯವರಿಗೆ ಚೆನ್ನಾಗಿ ಬರುತ್ತದೆ. ಹಿರಿಯ ಹೆಂಗಸರನ್ನು 'ಅಮಾಲಾ' ಅಂತ ಕರೆಯಿರಿ, ಅಮ್ಮ ಅಂದ ಹಾಗೆ. ಕೊನೆಯ 'ಲಾ' ಮರ್ಯಾದೆಗೆ. ನಾವು ಯಾವಾಗಲೂ ಮೊಮೊ ತಿನ್ನುವ ಅಂಗಡಿಯ ಅಮಾಲಾ ಮಿಸ್ಸಾಮಾರಿ ನೋಡಿದವರು. ಆಗ ಅವರು ಅಮ್ಮನ ಬೆನ್ನ ಮೇಲಿನ ಕೂಸು. ಹೋದ ಸಲ ನೆಂಟರಲ್ಲಿ ಒಬ್ಬರು ಅವರನ್ನೇ ಕೇಳಿಬಿಟ್ಟರು: 'ನಿಮ್ಮೂರು ಯಾವುದು ಅಮ್ಮಾ?' ಅಮಾಲಾ ಮೊಮೊ ಹಬೆಯ ಪಾತ್ರೆ ಮುಚ್ಚಿ, ಕೈ ಒರೆಸಿಕೊಂಡು, 'ಎರಡನೇ ಕ್ಯಾಂಪು' ಅಂದರು. ಆಮೇಲೆ, 'ಚಟ್ನಿ ಖಾರ ಇದೆ, ಮಗೂಗೆ ಕೊಡಬೇಡಿ.'